ಶೇ 70 ಮತ್ತು ಶೇ 57: ಎರಡು ಎಲಿಮೆಂಟರಿ ಶಾಲೆಗಳ ಅಂಕಿಗಳನ್ನು ಹೇಗೆ ಓದಬೇಕು? (ಕ್ಯಾಲಿಫೋರ್ನಿಯಾ)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳು ಬರುವ ಆಗಸ್ಟ್‌ಗೆ ಕಿಂಡರ್‌ಗಾರ್ಟನ್ ಸೇರಬೇಕು. ಬಾಡಿಗೆ ಮನೆ ಬದಲಿಸುವ ಮೊದಲು ಶಾಲೆ ಯಾವುದು ಅಂತ ತೀರ್ಮಾನಿಸಬೇಕಿದೆ. ಒಂದೇ ಸ್ಕೂಲ್ ಡಿಸ್ಟ್ರಿಕ್ಟ್‌ನ ಎರಡು ಪಬ್ಲಿಕ್ ಎಲಿಮೆಂಟರಿ ಶಾಲೆಗಳು ಕಣ್ಣ ಮುಂದಿವೆ. ಎರಡೂ ಕಿಂಡರ್‌ಗಾರ್ಟನ್‌ನಿಂದ 5ನೇ ತರಗತಿವರೆಗೆ. ಹೆಸರು ಬೇಡ, ‘ಎ’ ಮತ್ತು ‘ಬಿ’ ಅಂತಿಟ್ಟುಕೊಳ್ಳಿ.

‘ಎ’: ಕಾಸ್ಪ್ (ರಾಜ್ಯ ವರ್ಷಕ್ಕೊಮ್ಮೆ ನಡೆಸುವ ಪರೀಕ್ಷೆ) ಗಣಿತದಲ್ಲಿ ಗುಣಮಟ್ಟ ಮುಟ್ಟಿದವರು ಶೇ 70. ಪರೀಕ್ಷೆ ಬರೆದವರು 300. ಆರ್ಥಿಕ-ಸಾಮಾಜಿಕವಾಗಿ ಹಿಂದುಳಿದ ಮಕ್ಕಳು ಶೇ 20, ಇಂಗ್ಲಿಷ್ ಲರ್ನರ್ (ಇನ್ನೂ ಇಂಗ್ಲಿಷ್ ಕಲಿಯುತ್ತಿರುವವರು) ಶೇ 14.

‘ಬಿ’: ಗಣಿತದಲ್ಲಿ ಶೇ 57. ಬರೆದವರು 240. ಹಿಂದುಳಿದವರು ಶೇ 70, ಇಂಗ್ಲಿಷ್ ಲರ್ನರ್ ಶೇ 38. ಹೆಸರಿನ ಮುಂದೆ ಟೈಟಲ್ ಒನ್ (ಕಡಿಮೆ ಆದಾಯದ ಮಕ್ಕಳಿಗಾಗಿ ಕೇಂದ್ರದ ಹಣ ಪಡೆಯುವ ಶಾಲೆ) ಅಂತ ಬೇರೆ ಇದೆ.

ಶಾಲೆಗಳಿಗೆ ಹತ್ತಕ್ಕೆ ಇಷ್ಟು ಅಂತ ರೇಟಿಂಗ್ ಕೊಡುವ ಗ್ರೇಟ್‌ಸ್ಕೂಲ್ಸ್ ಸೈಟಿನಲ್ಲಿ ‘ಎ’ಗೆ 8, ‘ಬಿ’ಗೆ 5. ಬಾಡಿಗೆ ಮಾತ್ರ ‘ಬಿ’ ಕಡೆ ಬಹಳ ಕಡಿಮೆ. ಈ 13 ಅಂಕದ ಅಂತರ ಪಾಠ ಹೇಳುವುದರಲ್ಲಿರುವ ವ್ಯತ್ಯಾಸವೇ? ಟೈಟಲ್ ಒನ್ ಅಂದರೆ ಹಿಂದೆ ಸರಿಯಬೇಕಾ? ಇನ್ನೊಂದು: ಮನೆಭಾಷೆಯ ಫಾರಂನಲ್ಲಿ ಕನ್ನಡ ಅಂತ ಬರೆದರೆ ಮಗುವನ್ನು ಇಂಗ್ಲಿಷ್ ಲರ್ನರ್ ಗುಂಪಿಗೆ ಹಾಕಿಬಿಡುತ್ತಾರೆ ಅಂತ ಕೇಳಿದೆ, ನಿಜವಾ?

---

ಮೂರನೇಬೆಂಚು

ಮೊದಲು ಆ ಶೇಕಡ ಹೇಗೆ ಹುಟ್ಟುತ್ತದೆ ನೋಡಿ. ನಿಮ್ಮ ಎರಡು ಶಾಲೆಗಳಲ್ಲಿ ಕಾಸ್ಪ್ ಗಣಿತ ಬರೆಯುವವರು 3, 4, 5ನೇ ತರಗತಿಯವರು ಮಾತ್ರ. ನಿಮ್ಮ ಮಗಳು ಮೊದಲ ಮೂರು ವರ್ಷ ಕೂರುವ ಕ್ಲಾಸ್‌ರೂಮುಗಳ ಬಗ್ಗೆ ಈ ಅಂಕಿ ನೇರವಾಗಿ ಏನನ್ನೂ ಹೇಳುವುದಿಲ್ಲ.

ಫಲಿತಾಂಶದಲ್ಲಿ ನಾಲ್ಕು ಹಂತ. ಮೇಲಿನ ಎರಡು ಹಂತದವರನ್ನು ಕೂಡಿಸಿದ್ದೇ ನೀವು ನೋಡಿದ ಶೇ 70, ಶೇ 57. ಗುಣಮಟ್ಟ ಮುಟ್ಟಿದ ಹಾಗೆ ಅನ್ನುವ ಗೆರೆ ಮೂರನೇ ತರಗತಿಯ ಗಣಿತಕ್ಕೆ 2436. ಒಂದು ಮಗುವಿಗೆ 2435 ಬಂದರೆ ಲೆಕ್ಕದಿಂದ ಹೊರಗೆ, 2436 ಬಂದರೆ ಒಳಗೆ. ಗೆರೆಯ ಒಂದಂಕ ಕೆಳಗಿರುವ ಮಗುವೂ ಇನ್ನೂರು ಅಂಕ ಕೆಳಗಿರುವ ಮಗುವೂ ಈ ಶೇಕಡದಲ್ಲಿ ಒಂದೇ. ಅದಕ್ಕೇ ಶಾಲೆಗಳ ಸ್ಥಿತಿ ತೋರಿಸುವ ರಾಜ್ಯದ ವೆಬ್‌ಸೈಟ್ ಸ್ಕೂಲ್ ಡ್ಯಾಶ್‌ಬೋರ್ಡ್ ಶೇಕಡ ಬಿಟ್ಟು, ಗೆರೆಯಿಂದ ಸರಾಸರಿ ಎಷ್ಟು ಪಾಯಿಂಟ್ ಮೇಲೆ ಅಥವಾ ಕೆಳಗೆ ಅನ್ನುವುದನ್ನು ಹಿಡಿಯುತ್ತದೆ. ಅಲ್ಲಿ ಕಾಣುವ ಬಣ್ಣಗಳಲ್ಲಿ ನೀಲಿ ಎಲ್ಲಕ್ಕಿಂತ ಮೇಲೆ, ಕೆಂಪು ಎಲ್ಲಕ್ಕಿಂತ ಕೆಳಗೆ. ಬಣ್ಣ ಬರುವುದು ಈ ವರ್ಷದ ಮಟ್ಟ ಮತ್ತು ಹೋದ ವರ್ಷದಿಂದ ಆದ ಬದಲಾವಣೆ ಎರಡೂ ಸೇರಿ. ಮೇಲಿದ್ದರೂ ಜಾರುತ್ತಿರುವ ಶಾಲೆಯೂ, ಕೆಳಗಿದ್ದು ಏರುತ್ತಿರುವ ಶಾಲೆಯೂ ಒಂದೇ ಬಣ್ಣದಲ್ಲಿ ಸಿಗಬಹುದು. ಹಾಗಾಗಿ ಬಣ್ಣ ನೋಡಿ ನಿಲ್ಲಬೇಡಿ, ಅದರ ಕೆಳಗಿನ ಎರಡು ಸಂಖ್ಯೆ ಓದಿ.

ಇನ್ನು ‘ಹಿಂದುಳಿದವರು’ ಅನ್ನುವ ಕಾಲಂ. ಶಾಲೆಯ ಊಟ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಸಿಗುವ ಅರ್ಹತೆ ಇದ್ದರೆ ಅಲ್ಲಿಗೆ ಸೇರುತ್ತಾರೆ. ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ ಶೇ 130ರೊಳಗಿದ್ದರೆ ಉಚಿತ, ಶೇ 185ರವರೆಗೆ ರಿಯಾಯಿತಿ. ಅಪ್ಪ ಅಮ್ಮ ಇಬ್ಬರೂ ಹೈಸ್ಕೂಲ್ ಮುಗಿಸಿಲ್ಲದಿದ್ದರೂ ಸೇರುತ್ತಾರೆ. ಫಾಸ್ಟರ್ ಮಕ್ಕಳು (ಸರ್ಕಾರದ ರಕ್ಷಣೆಯಲ್ಲಿರುವವರು), ಮನೆಯಿಲ್ಲದವರು, ವಲಸೆ ಕೃಷಿ ಕಾರ್ಮಿಕರ ಮಕ್ಕಳೂ ಇದರಲ್ಲೇ. ಶೇ 184ರಲ್ಲಿರುವ ಮನೆಗೂ ಶೇ 30ರಲ್ಲಿರುವ ಮನೆಗೂ ಒಂದೇ ಮುದ್ರೆ. ಶೇ 186 ಆದರೆ ಮುದ್ರೆಯೇ ಇಲ್ಲ.

ಇಲ್ಲಿ ಇನ್ನೊಂದು ತೊಡಕು. 2022–23ರಿಂದ ಕ್ಯಾಲಿಫೋರ್ನಿಯಾದ ಪಬ್ಲಿಕ್ ಶಾಲೆಗಳಲ್ಲಿ ಆದಾಯ ಎಷ್ಟೇ ಇರಲಿ, ಕೇಳಿದ ಮಗುವಿಗೆಲ್ಲ ಊಟ ಉಚಿತ. ಫಾರಂ ತುಂಬದಿದ್ದರೂ ಊಟ ಸಿಗುತ್ತದೆ ಅಂದಮೇಲೆ ಬಹಳ ಮನೆಯವರು ಆದಾಯದ ಫಾರಂ ವಾಪಸ್ ಕೊಡುವುದೇ ಇಲ್ಲ. ಸರ್ಕಾರಿ ನೆರವಿನ ಪಟ್ಟಿಯಿಂದ ನೇರವಾಗಿ ಸಿಗುವ ಹೆಸರುಗಳು ಸೇರಿಕೊಳ್ಳುತ್ತವೆ, ಉಳಿದವರು ಕೈತಪ್ಪುತ್ತಾರೆ. ಮನೆಮನೆಗೆ ಫೋನ್ ಮಾಡಿ ಫಾರಂ ತರಿಸುವ ಆಫೀಸ್ ಇರುವ ಶಾಲೆ ಕಾಗದದ ಮೇಲೆ ಬಡವಾಗಿ ಕಾಣುತ್ತದೆ, ಸುಮ್ಮನಿರುವ ಶಾಲೆ ಸ್ಥಿತಿವಂತವಾಗಿ. ಒಂದೇ ವರ್ಷದಲ್ಲಿ ಈ ಕಾಲಂ ಹತ್ತು ಅಂಕ ಹಾರಿದ್ದರೆ ಬೀದಿಯ ಜನ ಬದಲಾಗಿದ್ದಾರೆ ಅಂತಲ್ಲ, ಮೊದಲು ಫಾರಂ ಮೇಲೆ ಅನುಮಾನ ಪಡಿ.

ಈಗ ಒಂದು ಕೆಲಸ ಮಾಡಿ. ಕಾಸ್ಪ್ ಫಲಿತಾಂಶದ ಪುಟದಲ್ಲಿ ಎರಡೂ ಶಾಲೆಗಳ ವಿದ್ಯಾರ್ಥಿ ಗುಂಪುಗಳ ಪಟ್ಟಿ ತೆರೆದು, ಗಣಿತದಲ್ಲಿ ‘ಹಿಂದುಳಿದ’ ಮತ್ತು ‘ಹಿಂದುಳಿದಿಲ್ಲದ’ ಎರಡು ಸಾಲುಗಳ ಶೇಕಡ ಇಲ್ಲಿ ಹಾಕಿ. ಬರೆದವರ ಸಂಖ್ಯೆಯನ್ನೂ ಹಾಕಿ.

---

ತುಂಗಾತೀರ

ಸಿಕ್ಕಿತು ಸರ್.

‘ಎ’: ಹಿಂದುಳಿದಿಲ್ಲದವರು 240 ಮಕ್ಕಳು, ಶೇ 78. ಹಿಂದುಳಿದವರು 60 ಮಕ್ಕಳು, ಶೇ 40.
‘ಬಿ’: ಹಿಂದುಳಿದಿಲ್ಲದವರು 72 ಮಕ್ಕಳು, ಶೇ 82. ಹಿಂದುಳಿದವರು 168 ಮಕ್ಕಳು, ಶೇ 46.

ಎರಡು ಸಾಲಿನಲ್ಲೂ ‘ಬಿ’ ಮುಂದಿದೆ, ಒಟ್ಟಿನಲ್ಲಿ ಮಾತ್ರ ಹಿಂದೆ! ಇದು ಹೇಗೆ?

---

ಮೂರನೇಬೆಂಚು

ಹೀಗೆ. ಒಟ್ಟು ಅಂಕಿ ಎರಡು ಗುಂಪುಗಳ ತೂಕದ ಸರಾಸರಿ.

‘ಎ’: 78ರ ಶೇ 80 ಅಂದರೆ 62.4, 40ರ ಶೇ 20 ಅಂದರೆ 8. ಒಟ್ಟು 70.4.
‘ಬಿ’: 82ರ ಶೇ 30 ಅಂದರೆ 24.6, 46ರ ಶೇ 70 ಅಂದರೆ 32.2. ಒಟ್ಟು 56.8.

ಈಗ ‘ಬಿ’ಯ ಶೇಕಡಗಳನ್ನು ಹಾಗೇ ಇಟ್ಟು ‘ಎ’ಯ ಮಕ್ಕಳ ಪ್ರಮಾಣ ಹಾಕಿ: 82ರ ಶೇ 80, ಅಂದರೆ 65.6; 46ರ ಶೇ 20, ಅಂದರೆ 9.2. ಒಟ್ಟು 74.8. ಅದೇ ಶಾಲೆ, ಅದೇ ಪಾಠ. ದಾಖಲಾದ ಮಕ್ಕಳ ಪ್ರಮಾಣ ಬದಲಿಸಿದ್ದಕ್ಕೆ 57 ಹೋಗಿ 75 ಆಯಿತು. ನೀವು ಕೇಳಿದ 13 ಅಂಕದ ಅಂತರ ಯಾರು ದಾಖಲಾಗಿದ್ದಾರೆ ಅನ್ನುವುದರದ್ದು. ಪಾಠದ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ.

ಇದಕ್ಕಿಂತ ಹತ್ತಿರದ ಹೋಲಿಕೆ ಬೇಕಿದ್ದರೆ ಅದೇ ಪುಟದಲ್ಲಿ ‘ಪೇರೆಂಟ್ ಎಜುಕೇಶನ್’ ಅಂತ ಇದೆ. ಹೈಸ್ಕೂಲ್ ಮುಗಿಸದವರಿಂದ ಹಿಡಿದು ಸ್ನಾತಕೋತ್ತರದವರೆಗೆ ಐದು ಸಾಲು. ನಿಮ್ಮ ಮನೆಗೆ ಹೊಂದುವ ಸಾಲನ್ನು ಎರಡೂ ಶಾಲೆಗಳಲ್ಲಿ ನೋಡಿ. ‘ಏಷ್ಯನ್’ ಸಾಲು ನೋಡುವವರೇ ಹೆಚ್ಚು, ಆದರೆ ಅದು ತೀರ ಅಗಲವಾದ ಬುಟ್ಟಿ. ಮೊನ್ನೆ ನಿರಾಶ್ರಿತರಾಗಿ ಬಂದ ಮನೆಯೂ, ಇಬ್ಬರೂ ಎಂಜಿನಿಯರ್ ಇರುವ ಮನೆಯೂ ಅದರಲ್ಲೇ. (ಫಿಲಿಪಿನೊ ಮಕ್ಕಳನ್ನು ಕ್ಯಾಲಿಫೋರ್ನಿಯಾ ಬೇರೆಯಾಗಿ ಎಣಿಸುತ್ತದೆ.)

---

ಸರಾಸರಿಸುಬ್ಬ

ಮೂರನೇಬೆಂಚು ಅವರ ಲೆಕ್ಕ ಸರಿ. ಆದರೆ ಅದನ್ನು ಓದಿ ‘ಹಾಗಾದರೆ ಬಿ ಶಾಲೆಯೇ ಮೇಲು’ ಅಂತ ಯಾರೂ ಹೊರಡಬೇಡಿ. ಅಷ್ಟು ದೂರ ಈ ಅಂಕಿ ಹೋಗುವುದಿಲ್ಲ.

‘ಎ’ಯಲ್ಲಿ ಹಿಂದುಳಿದ ಗುಂಪಿನವರು 60. ಅಲ್ಲಿ ಒಂದು ಮಗು ಅಂದರೆ 1.7 ಅಂಕ. ನಾಲ್ಕು ಮಕ್ಕಳು ಗೆರೆಯ ಆಚೆಗೆ ಹೋದರೆ 40 ಇದ್ದದ್ದು 47ರ ಹತ್ತಿರ ಬರುತ್ತದೆ, ‘ಬಿ’ಯನ್ನೂ ದಾಟುತ್ತದೆ. 40 ಮತ್ತು 46ರ ನಡುವಿನ 6 ಅಂಕಕ್ಕೆ ಸ್ಟ್ಯಾಂಡರ್ಡ್ ಎರರ್ (ಬರೀ ಆಕಸ್ಮಿಕವಾಗಿ ಎಷ್ಟು ಏರಿಳಿಯಬಹುದು ಅನ್ನುವ ಅಳತೆ) ಹಾಕಿದರೆ ಸುಮಾರು 7.4 ಬರುತ್ತದೆ. ಹಿಂದುಳಿದಿಲ್ಲದವರ ಸಾಲಿನ 4 ಅಂಕಕ್ಕೆ (78 ಮತ್ತು 82) ಸುಮಾರು 5.3. ಅಂತರಕ್ಕಿಂತ ಅನುಮಾನವೇ ದೊಡ್ಡದು. ಕನಿಷ್ಠ ಅದರ ಎರಡರಷ್ಟಾದರೂ ಅಂತರ ಇರದಿದ್ದರೆ ಮಾತಾಡುವ ಹಾಗಿಲ್ಲ. ಈ ಒಂದು ವರ್ಷದ ಹಾಳೆ ಹೇಳುವುದು ಇಷ್ಟೇ: ಒಂದೇ ಥರದ ಮನೆಯ ಮಕ್ಕಳ ಮಟ್ಟಿಗೆ ‘ಬಿ’ ಹಿಂದಿದೆ ಅನ್ನುವುದಕ್ಕೆ ಆಧಾರ ಇಲ್ಲ. ಮೂರು ವರ್ಷದ ಹಾಳೆ ತೆಗೆದು ಮಕ್ಕಳನ್ನು ಕೂಡಿಸಿ ನೋಡಿ. ಅಷ್ಟಾದರೂ ‘ಬಿ’ ಮುಂದೆಯೇ ಇದ್ದರೆ ಆಮೇಲೆ ಮಾತು.

ಮಕ್ಕಳ ಖಾಸಗಿತನಕ್ಕಾಗಿ 10 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿಗೆ ಫಲಿತಾಂಶ ತೋರಿಸುವುದಿಲ್ಲ, ನಕ್ಷತ್ರ ಚಿಹ್ನೆ ಬರುತ್ತದೆ. ಅದು ಸೊನ್ನೆಯಲ್ಲ. ಎಕ್ಸೆಲ್‌ಗೆ ಇಳಿಸಿಕೊಂಡು ಸರಾಸರಿ ತೆಗೆಯುವವರು ಅದನ್ನು ಸೊನ್ನೆ ಮಾಡಿ ಶಾಲೆಯ ಮಾನ ಕಳೆಯುವುದು ಆಗಾಗ ನಡೆಯುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಗುಂಪಿಗೆ ಬಣ್ಣ ಬರಬೇಕಾದರೆ ಸಾಮಾನ್ಯವಾಗಿ 30 ಮಕ್ಕಳಿರಬೇಕು. ಬಣ್ಣ ಇಲ್ಲ ಅಂದರೆ ಗುಂಪು ಚಿಕ್ಕದು ಅಂತ ಅರ್ಥ, ಶಾಲೆ ಏನೋ ಮುಚ್ಚಿಟ್ಟಿದೆ ಅಂತಲ್ಲ.

ಭಾಗವಹಿಸಿದವರ ಶೇಕಡವನ್ನೂ ನೋಡಿ. ರಾಜ್ಯದ ಕಾನೂನಿನಲ್ಲಿ ಪೋಷಕರು ಬರವಣಿಗೆಯಲ್ಲಿ ಕೇಳಿ ಮಗುವನ್ನು ಪರೀಕ್ಷೆಯಿಂದ ಬಿಡಿಸಬಹುದು. ಕೇಂದ್ರದ ಕಾನೂನು ಶೇ 95ರಷ್ಟು ಮಕ್ಕಳಾದರೂ ಬರೆಯಬೇಕು ಅನ್ನುತ್ತದೆ. ಒಂದು ಶಾಲೆಯಲ್ಲಿ ಶೇ 88 ಮಾತ್ರ ಬರೆದಿದ್ದರೆ, ಬರೆಯದವರು ಯಾರು ಅನ್ನುವುದು ಗೊತ್ತಾಗುವವರೆಗೆ ಆ ಅಂಕಿಯನ್ನು ಪಕ್ಕಕ್ಕಿಡುವುದೇ ವಾಸಿ.

---

ಬಿಳಿಹಲಗೆ

ಮಟ್ಟದ ಮಾತು ಆಯಿತು. ಶಾಲೆಯ ಕೆಲಸ ಕಾಣುವುದು ಬೆಳವಣಿಗೆಯಲ್ಲಿ. ಮನೆಯಲ್ಲಿ ಕೂತು ಮಾಡಬಹುದಾದ ಲೆಕ್ಕ ಒಂದಿದೆ.

ಗಣಿತದ ಗೆರೆ 3ನೇ ತರಗತಿಗೆ 2436, 4ಕ್ಕೆ 2485, 5ಕ್ಕೆ 2528. ಇಂಗ್ಲಿಷ್‌ಗೆ 2432, 2473, 2502. ಸ್ಕೇಲ್ ಮೂರೂ ತರಗತಿಗೆ ಒಂದೇ, ಹಾಗಾಗಿ ಮಕ್ಕಳ ಜೊತೆ ಮೇಲೇರುತ್ತಾ ನೋಡಬಹುದು. 2022ರ 3ನೇ ತರಗತಿ, 2023ರ 4ನೇ ತರಗತಿ, 2024ರ 5ನೇ ತರಗತಿ. ಇವರು ಹೆಚ್ಚುಕಡಿಮೆ ಅದೇ ಮಕ್ಕಳು. ಆ ಮೂರು ಸಾಲಿನ ಸರಾಸರಿ ಸ್ಕೋರ್ ಬರೆದುಕೊಳ್ಳಿ. ಗೆರೆ ಎರಡು ವರ್ಷದಲ್ಲಿ 92 ಪಾಯಿಂಟ್ ಏರುತ್ತದೆ. ಬರೀ ಲೆಕ್ಕಕ್ಕೆ ಅಂತ ಹೇಳುವುದಾದರೆ: ಒಂದು ಶಾಲೆಯ ಮಕ್ಕಳು 2418ರಿಂದ 2522ಕ್ಕೆ ಬಂದರೆ 104 ಏರಿದ ಹಾಗೆ, ಇನ್ನೂ ಗೆರೆಯ ಕೆಳಗೇ ಇದ್ದಾರೆ, ಆದರೆ ಅಂತರ 18 ಇದ್ದದ್ದು 6ಕ್ಕೆ ಇಳಿದಿದೆ. ಇನ್ನೊಂದು ಶಾಲೆ 2471ರಿಂದ 2555ಕ್ಕೆ ಬಂದರೆ ಏರಿದ್ದು 84. ಮೇಲಿದೆ, ಆದರೆ 35 ಇದ್ದ ಮುನ್ನಡೆ 27 ಆಗಿದೆ. ಶೇಕಡ ಮಾತ್ರ ನೋಡುವವರಿಗೆ ಎರಡನೆಯದೇ ಒಳ್ಳೆಯ ಶಾಲೆ.

ಇದನ್ನು 2022ಕ್ಕಿಂತ ಹಿಂದಕ್ಕೆ ಎಳೆಯಬೇಡಿ. 2020ರಲ್ಲಿ ಪರೀಕ್ಷೆಯೇ ನಡೆಯಲಿಲ್ಲ, 2021ರಲ್ಲಿ ಎಲ್ಲ ಕಡೆ ಒಂದೇ ಥರ ನಡೆಯಲಿಲ್ಲ. ಇನ್ನೊಂದು, ಒಂದು ತರಗತಿಯಲ್ಲಿ 80 ಮಕ್ಕಳಿದ್ದು ಅದರಲ್ಲಿ 20 ಮಂದಿ ಎರಡು ವರ್ಷದಲ್ಲಿ ಬಂದು ಹೋದರೆ ‘ಅದೇ ಮಕ್ಕಳು’ ಅನ್ನುವ ಮಾತೇ ನಿಲ್ಲುವುದಿಲ್ಲ. ಬಾಡಿಗೆ ಅಪಾರ್ಟ್‌ಮೆಂಟ್ ಹೆಚ್ಚಿರುವ ಕಡೆ ಇದು ಮಾಮೂಲು. ಐದು ಹತ್ತು ಪಾಯಿಂಟ್ ಏರಿಳಿತಕ್ಕೆ ಕಾರಣ ಹುಡುಕುತ್ತಾ ಹೋಗಬೇಡಿ. ಒಂದು ಬ್ಯಾಚ್ ಅಲ್ಲ, ಎರಡು ಮೂರು ಬ್ಯಾಚ್ ಒಂದೇ ದಿಕ್ಕಿನಲ್ಲಿದ್ದರೆ ಅದಕ್ಕೆ ಬೆಲೆ.

ಸ್ಟ್ಯಾನ್‌ಫರ್ಡ್‌ನ ಎಜುಕೇಶನಲ್ ಆಪರ್ಚುನಿಟಿ ಪ್ರಾಜೆಕ್ಟ್‌ನವರು ದೇಶದ ಶಾಲೆಗಳಿಗೆಲ್ಲ ಸರಾಸರಿ ಅಂಕ ಮತ್ತು ಕಲಿಕೆಯ ವೇಗ ಎರಡನ್ನೂ ಬೇರೆಬೇರೆಯಾಗಿ ನಕ್ಷೆಯಲ್ಲಿ ಹಾಕಿದ್ದಾರೆ. ಸರಾಸರಿ ಅಂಕ ಮನೆಯ ಆರ್ಥಿಕ ಸ್ಥಿತಿಯ ಜೊತೆ ಬಿಗಿಯಾಗಿ ಅಂಟಿಕೊಂಡಿದೆ, ಕಲಿಕೆಯ ವೇಗ ಅಷ್ಟಾಗಿ ಅಂಟಿಕೊಂಡಿಲ್ಲ. ಗ್ರೇಟ್‌ಸ್ಕೂಲ್ಸ್‌ನ 8 ಮತ್ತು 5ರ ಹಿಂದೆಯೂ ಬಹುಪಾಲು ಇದೇ ಕಾಸ್ಪ್ ಅಂಕಗಳೇ ಇರುವುದು, ಹಾಗಾಗಿ ಅದನ್ನು ಎರಡನೇ ಸಾಕ್ಷಿ ಅಂತ ಎಣಿಸಬೇಡಿ. ಬೆಳವಣಿಗೆಗೆ ಅಲ್ಲಿ ಬೇರೆ ಉಪ-ರೇಟಿಂಗ್ ಇದ್ದರೆ ಅದನ್ನು ಮಾತ್ರ ನೋಡಿ. ಬೆಳವಣಿಗೆಯ ಅಂಕಿಯೂ ಪೂರ್ತಿ ಶಾಲೆಯದ್ದಲ್ಲ ಅನ್ನಿ. ಅರ್ಧ ತರಗತಿ ಶನಿವಾರ ಹೊರಗಿನ ಗಣಿತ ಕ್ಲಾಸಿಗೆ ಹೋಗುತ್ತಿದ್ದರೆ ಅದರ ಫಲವೂ ಶಾಲೆಯ ಲೆಕ್ಕಕ್ಕೇ ಜಮಾ.

ಟೈಟಲ್ ಒನ್: 1965ರ ಶಿಕ್ಷಣ ಕಾಯ್ದೆಯಡಿ ಬರುವ ಕೇಂದ್ರದ ಹಣ. ಕಡಿಮೆ ಆದಾಯದ ಮಕ್ಕಳು ಶೇ 40 ಅಥವಾ ಹೆಚ್ಚಿದ್ದರೆ ಆ ಹಣವನ್ನು ಆಯ್ದ ಮಕ್ಕಳಿಗೆ ಮಾತ್ರವಲ್ಲ, ಇಡೀ ಶಾಲೆಗೆ ಬಳಸಬಹುದು. ಅದು ದಂಡನೆಯ ಪಟ್ಟಿಯಲ್ಲ. ಸಾಮಾನ್ಯವಾಗಿ ಓದು ಹಿಂದುಳಿದವರಿಗೆ ಹೆಚ್ಚುವರಿ ಟೀಚರ್, ಸಹಾಯಕಿ, ಶಾಲೆ ಬಿಟ್ಟ ಮೇಲಿನ ಪಾಠ ಇವಕ್ಕೆ ಹೋಗುತ್ತದೆ. ರಾಜ್ಯದ ಹಣ ಬೇರೆ: 2013ರಿಂದ ಇರುವ ಎಲ್‌ಸಿಎಫ್‌ಎಫ್ ಅನ್ನುವ ಹಣ ಹಂಚಿಕೆಯ ಸೂತ್ರದ ಪ್ರಕಾರ ಕಡಿಮೆ ಆದಾಯದ, ಇಂಗ್ಲಿಷ್ ಕಲಿಯುತ್ತಿರುವ, ಫಾಸ್ಟರ್ ಮಕ್ಕಳ ತಲೆಗೆ ಮೂಲ ಮೊತ್ತದ ಮೇಲೆ ಶೇ 20 ಹೆಚ್ಚುವರಿ, ಇಂಥವರು ಶೇ 55 ದಾಟಿದರೆ ದಾಟಿದ ಭಾಗಕ್ಕೆ ಇನ್ನೂ ಇದೆ. ಆದರೆ ಈ ಲೆಕ್ಕ ನಡೆಯುವುದು ಡಿಸ್ಟ್ರಿಕ್ಟ್ ಮಟ್ಟದಲ್ಲಿ. ‘ಬಿ’ಗೆ ಎಷ್ಟು ತಲುಪಿದೆ ಅನ್ನುವುದು ಪ್ರಿನ್ಸಿಪಾಲರನ್ನು ಕೇಳಿಯೇ ತಿಳಿಯಬೇಕು.

ಕೇಳುವಾಗ ‘ನಿಮ್ಮ ಶಾಲೆ ಹೇಗೆ’ ಅಂತ ಕೇಳಿದರೆ ‘ತುಂಬಾ ಚೆನ್ನಾಗಿದೆ’ ಅಂತಲೇ ಬರುತ್ತದೆ. ಹೀಗೆ ಕೇಳಿ: ಒಂದನೇ ತರಗತಿಯಲ್ಲಿ ಓದಲು ತಡವರಿಸುವ ಮಗುವನ್ನು ಯಾವ ತಿಂಗಳಲ್ಲಿ, ಯಾವ ಪರೀಕ್ಷೆಯಿಂದ ಗುರುತಿಸುತ್ತೀರಿ? ಆಮೇಲೆ ವಾರಕ್ಕೆ ಎಷ್ಟು ದಿನ, ಎಷ್ಟು ನಿಮಿಷ, ಎಷ್ಟು ಮಕ್ಕಳ ಗುಂಪಿನಲ್ಲಿ ಯಾರು ಕಲಿಸುತ್ತಾರೆ? ಮುಂದಿರುವ ಮಗುವಿಗೆ ಅದೇ ಹೊತ್ತಿನಲ್ಲಿ ಏನು ಕೆಲಸ? ‘ಬಿ’ಯಲ್ಲಿ ನಿಮ್ಮ ಮಗಳಿಗೆ ಈ ಕೊನೇ ಪ್ರಶ್ನೆಯೇ ಮುಖ್ಯ. ಉತ್ತರ ತಡವರಿಸದೆ ಬಂದರೆ ವ್ಯವಸ್ಥೆ ಇದೆ ಅಂತ. ಸಾರ್ಕ್ ಅನ್ನುವ ವಾರ್ಷಿಕ ವರದಿಯಲ್ಲಿ ಪೂರ್ಣ ಅರ್ಹತೆಯ ಟೀಚರ್ ಎಷ್ಟು ಮಂದಿ, ಕಟ್ಟಡದ ಸ್ಥಿತಿ ಏನು ಅನ್ನುವುದಿದೆ. ಹೋಗುವ ಮುಂಚೆ ಅಷ್ಟು ಓದಿಕೊಳ್ಳಿ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸವನ್ನು ಡಿಸ್ಟ್ರಿಕ್ಟ್‌ನ ಸ್ವಂತ ಶಾಲಾ-ಗಡಿ ಹುಡುಕಾಟದಲ್ಲಿ ಹಾಕಿ. ಮನೆ ಮಾರುವ ಸೈಟುಗಳ ನಕ್ಷೆಯನ್ನು ನಂಬಬೇಡಿ. ಗಡಿಯೊಳಗೇ ಇದ್ದರೂ ಆ ವರ್ಷ ಕಿಂಡರ್‌ಗಾರ್ಟನ್ ತುಂಬಿದ್ದರೆ ಪಕ್ಕದ ಶಾಲೆಗೆ ಕಳಿಸುವುದುಂಟು, ಅದನ್ನೂ ಕೇಳಿ.

---

ಕಾವೇರಮ್ಮ

ಮನೆಭಾಷೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ.

ಮಗುವನ್ನು ಸೇರಿಸುವಾಗ ಕೊಡುವ ಆ ಫಾರಂನಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಮಾತು ಕಲಿತ ಭಾಷೆ, ಮಗು ಮನೆಯಲ್ಲಿ ಹೆಚ್ಚು ಆಡುವ ಭಾಷೆ, ನೀವು ಮಗುವಿನ ಜೊತೆ ಹೆಚ್ಚು ಆಡುವ ಭಾಷೆ, ಮನೆಯ ದೊಡ್ಡವರು ತಮ್ಮಲ್ಲಿ ಹೆಚ್ಚು ಆಡುವ ಭಾಷೆ. ಮೊದಲ ಮೂರರಲ್ಲಿ ಎಲ್ಲಾದರೂ ಕನ್ನಡ ಅಂತ ಬರೆದರೆ 30 ದಿನದೊಳಗೆ ಇನಿಶಿಯಲ್ ಎಲ್‌ಪ್ಯಾಕ್ ಅನ್ನುವ, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಪರೀಕ್ಷೆ. ನಾಲ್ಕನೆಯದರಲ್ಲಿ ಮಾತ್ರ ಬರೆದರೆ ಪರೀಕ್ಷೆ ಮಾಡಬೇಕೋ ಬೇಡವೋ ಅನ್ನುವುದು ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು. ಕಿಂಡರ್‌ಗಾರ್ಟನ್ ಮಗುವಿಗೆ ಒಬ್ಬರೇ ಎದುರು ಕೂತು ಮಾಡುತ್ತಾರೆ, ಕೇಳಿ ಮಾತಾಡುವುದಕ್ಕೇ ಹೆಚ್ಚು ತೂಕ. ಅಪರಿಚಿತರ ಮುಂದೆ ಬಾಯಿ ಬಿಡದ ಮಗು ಇಂಗ್ಲಿಷ್ ಬಂದರೂ ಕಡಿಮೆ ಅಂಕ ತೆಗೆದುಕೊಳ್ಳುತ್ತದೆ, ನಮ್ಮ ಮಕ್ಕಳಲ್ಲಿ ಇದು ಜಾಸ್ತಿ. ಟಿಕೆ (ಕಿಂಡರ್‌ಗಾರ್ಟನ್‌ಗೂ ಮೊದಲಿನ ವರ್ಷ) ಮಕ್ಕಳಿಗೆ 2024ರ ಕಾನೂನಿನ ನಂತರ ಈ ಪರೀಕ್ಷೆ ಇಲ್ಲ.

ಕನ್ನಡ ಅಂತ ಬರೆದ ಮಾತ್ರಕ್ಕೆ ಇಂಗ್ಲಿಷ್ ಲರ್ನರ್ ಆಗುವುದಿಲ್ಲ. ಪಾಸಾದರೆ ‘ಮೊದಲಿಂದಲೇ ಇಂಗ್ಲಿಷ್ ಬಲ್ಲ ಮಗು’ ಅಂತ ಬರೆದು ಅಲ್ಲಿಗೇ ಮುಗಿಯಿತು. ಆಗದಿದ್ದರೆ ದಿನಾ ಸ್ವಲ್ಪ ಹೊತ್ತು ಇಂಗ್ಲಿಷ್ ಅಭಿವೃದ್ಧಿಯ ಪಾಠ, ಮತ್ತು ವರ್ಷಕ್ಕೊಮ್ಮೆ ಫೆಬ್ರವರಿಯಿಂದ ಮೇ ಒಳಗೆ ಎಲ್‌ಪ್ಯಾಕ್. ಅದರಲ್ಲಿ ಒಟ್ಟಾರೆ 4ನೇ ಹಂತ ಬಂದು, ಟೀಚರ್ ಮೌಲ್ಯಮಾಪನ, ಓದುಬರಹದ ಅಂಕ, ನಿಮ್ಮ ಜೊತೆ ಮಾತುಕತೆ ಎಲ್ಲ ಆದಮೇಲೆ ಗುಂಪಿನಿಂದ ಹೊರಗೆ. ತಪ್ಪಿಸಿಕೊಳ್ಳಲು ‘ಇಂಗ್ಲಿಷ್’ ಅಂತ ಸುಳ್ಳು ಬರೆಯುವವರಿದ್ದಾರೆ. ಮಗುವಿಗೆ ನಿಜವಾಗಿ ಸಹಾಯ ಬೇಕಿದ್ದರೆ ಅದೂ ತಪ್ಪುತ್ತದೆ, ಅಷ್ಟೇ ಲಾಭ.

‘ಬಿ’ಯ ಇಂಗ್ಲಿಷ್ ಲರ್ನರ್ ಸಾಲಿನ ಅಂಕ ನೋಡಿ ಹೆದರಬೇಡಿ. ಚೆನ್ನಾಗಿ ಕಲಿತವರು ಗುಂಪು ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ. ಆ ಸಾಲು ಯಾವತ್ತೂ ಕೆಳಗೇ ಇರುತ್ತದೆ. ಗುಂಪಿನಿಂದ ಹೊರಬಂದವರ ಸಾಲನ್ನೂ ಕೂಡಿಸಿ ಓದಬೇಕು. ಕಾಸ್ಪ್ ಪುಟದ ಇಂಗ್ಲಿಷ್ ಲರ್ನರ್ ಸಾಲಿನಲ್ಲಿ ಇರುವುದು ಈಗ ಗುಂಪಿನಲ್ಲಿರುವವರು ಮಾತ್ರ, ಡ್ಯಾಶ್‌ಬೋರ್ಡ್‌ನ ಗುಂಪಿನಲ್ಲಿ ಹಿಂದಿನ ನಾಲ್ಕು ವರ್ಷದಲ್ಲಿ ಹೊರಬಂದವರೂ ಸೇರಿರುತ್ತಾರೆ. ಎರಡು ಕಡೆ ಎರಡು ಅಂಕಿ ಬರುವುದು ಅದಕ್ಕೇ.

---

ತುಂಗಾತೀರ

ಎಲ್ಲರಿಗೂ ಧನ್ಯವಾದ, ಪೇರೆಂಟ್ ಎಜುಕೇಶನ್ ಸಾಲುಗಳನ್ನು ಮೂರು ವರ್ಷಕ್ಕೆ ತೆಗೆಯುತ್ತಿದ್ದೇನೆ. ಕೊನೆಯದಾಗಿ ಒಂದು. ‘ಎ’ಯಲ್ಲಿ ಕ್ರಾನಿಕ್ ಆಬ್ಸೆಂಟಿಸಂ ಶೇ 11 ಅಂತಿದೆ. ಸ್ಥಿತಿವಂತರ ಶಾಲೆಯಲ್ಲಿ ಇಷ್ಟೊಂದು ಯಾಕೆ?

---

ಕಾವೇರಮ್ಮ

ದಾಖಲಾದ ದಿನಗಳಲ್ಲಿ ಶೇ 10 ಅಥವಾ ಹೆಚ್ಚು ತಪ್ಪಿಸಿಕೊಂಡ ಮಗು ಆ ಲೆಕ್ಕಕ್ಕೆ ಬರುತ್ತದೆ, 180 ದಿನಕ್ಕೆ 18. ಕಾರಣ ಹೇಳಿ ರಜೆ ಹಾಕಿದ್ದರೂ ಎಣಿಕೆಗೆ ಸೇರುತ್ತದೆ. ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಹೋದರೆ, ಎರಡು ವಾರ ಶಾಲೆಗೇ ರಜೆ ಅಂತ ಕಳೆದರೂ 15 ದಿನ ಹೋಯಿತು. ಮೇಲೆ ಮೂರು ದಿನ ಜ್ವರ ಬಂದರೆ 18. ನಮ್ಮವರು ಹೆಚ್ಚಿರುವ ಶಾಲೆಗಳಲ್ಲಿ ಆ ಶೇ 11ರಲ್ಲಿ ಒಂದು ಪಾಲು ಇದೇ ಇರುತ್ತದೆ. ಟಿಕೆಟ್ ತೆಗೆಯುವ ಮುಂಚೆ ಆಫೀಸಿನಲ್ಲಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದ ಕೇಳಿ. ಹೊರಡುವ ಮೊದಲೇ ಸಹಿ ಮಾಡಿಬಿಡುವುದು ಒಳ್ಳೆಯದು, ಕೊಟ್ಟ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿ ಕೊಡಬೇಕು. ಹಾಗಾದರೆ ಆ ದಿನಗಳು ಹಾಜರಿಗೆ ಸೇರುತ್ತವೆ. ಎಲ್ಲ ಡಿಸ್ಟ್ರಿಕ್ಟ್‌ಗಳಲ್ಲೂ ನಿಯಮ ಒಂದೇ ಇರುವುದಿಲ್ಲ, ಎಷ್ಟು ದಿನ ಮೊದಲು ಅರ್ಜಿ ಕೊಡಬೇಕು ಅನ್ನುವುದನ್ನು ಆಗಸ್ಟ್‌ನಲ್ಲೇ ಕೇಳಿಟ್ಟುಕೊಳ್ಳಿ.